ಡಬ್ಬ ಬಡಿಯುತ್ತಿದ್ದ ಮರದ ಆಳು

ನಾನು ಪಾಠ ಹೇಳುವ ಕಾಲೇಜಿನ ಲ್ಯಾಬಿನಲ್ಲಿ ಒಂದು ರೋಬೋಟ್ ಕೈ ಇದೆ. ಕೀಲು ಸವೆದಿರುವುದರಿಂದ, ಎತ್ತಿದ್ದನ್ನು ಇಳಿಸುವಾಗೆಲ್ಲ ಟಣ್ ಎಂದು ತಗಡಿನ ಸದ್ದು ಮಾಡುತ್ತದೆ. ರೋಬೋಟುಗಳ ಚರಿತ್ರೆಯನ್ನು ನಾನು ಹುಡುಗರಿಗೆ ಹೇಳುವುದು ಹೀಗೆ: ಮೊದಲು ನೀರಿನಿಂದಲೋ ಗಾಳಿಯಿಂದಲೋ ಆಡುವ ಬೊಂಬೆಗಳು, ಆಮೇಲೆ ಕೀಲಿ ಕೊಟ್ಟರೆ ನಡೆಯುವವು, ಆಮೇಲೆ ಕಾರ್ಖಾನೆಯ ಕಬ್ಬಿಣದ ತೋಳುಗಳು, ಈಗ ನೋಡುವವು, ಮಾತಾಡುವವು. ಪುಸ್ತಕದಲ್ಲಿ ಇದೆಲ್ಲ ಒಂದೇ ಪುಟ. ಆದರೆ ಆ ಟಣ್ ಕಿವಿಗೆ ಬಿದ್ದರೆ ಸಾಕು, ಪಾಂಡವಪುರದ ಕಡೆಯ ನಮ್ಮ ಗದ್ದೆ, ಹಾಲುಗಟ್ಟಿದ ಭತ್ತದ ವಾಸನೆ, ಅಟ್ಟಣೆಯ ಮೇಲೆ ಕವಣೆ ಹಿಡಿದು ನಿಂತ ಸಣ್ಣಮ್ಮತ್ತೆ, ಎಲ್ಲ ನೆನಪಾಗುತ್ತದೆ.

ಸಣ್ಣಮ್ಮತ್ತೆ ನಮ್ಮ ದೊಡ್ಡಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಕೊಯ್ಲಿನವರೆಗೂ ಹಕ್ಕಿ ಕಾಯುವುದು ಅವಳ ಕೆಲಸ. ಅವಳು ‘ಹೋಯ್’ ಎಂದರೆ ತೊಣ್ಣೂರು ಕೆರೆಯ ಹಕ್ಕಿಗಳೂ ಎದ್ದು ಹೋಗುತ್ತವೆ ಎಂದು ನಾವು ರೇಗಿಸುತ್ತಿದ್ದೆವು. ಕಣಕ್ಕೆ ಬರುವ ಮೊದಲ ಹೊರೆ ಹಕ್ಕಿ ಕಾದವರಿಗೆ ಸೇರಬೇಕೆಂಬುದು ನಮ್ಮ ಮನೆಯ ಪದ್ಧತಿ. ಆ ಭತ್ತವನ್ನು ಅತ್ತೆ ಬೇರೆಯಾಗಿಟ್ಟು, ಅವಲಕ್ಕಿ ಕುಟ್ಟಿ ನಮ್ಮ ಜೇಬು ತುಂಬಿಸುತ್ತಿದ್ದಳು. ಕರಿಘಟ್ಟಕ್ಕೆ ಹೋಗುವಾಗ ದೇವರಿಗೆಂದು ಒಂದಿಷ್ಟು ಅಕ್ಕಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಯಾರನ್ನೂ ಕೇಳದೆ ಕೈಯೆತ್ತಿ ಕೊಡಲು ಅವಳಿಗಿದ್ದದ್ದು ಅದೊಂದೇ.

ದೊಡ್ಡಪ್ಪನಿಗೆ ಯಂತ್ರದ ಹುಚ್ಚು. ಅಕ್ಕ ಬಿಸಿಲಲ್ಲಿ ಬೇಯುವುದನ್ನು ನೋಡಲಾರದೆ ಒಂದು ವರ್ಷ ಕಾಲುವೆಗೆ ಮರದ ಚಕ್ರ ಇಳಿಸಿ, ಅದರ ಪಕ್ಕ ಆಳೆತ್ತರದ ಬೊಂಬೆ ನಿಲ್ಲಿಸಿದ. ನೀರು ಹರಿದಷ್ಟು ಹೊತ್ತೂ ಅದು ಎರಡೂ ಕೈಯಿಂದ ಸೀಮೆಎಣ್ಣೆ ಡಬ್ಬ ಬಡಿಯುತ್ತಿತ್ತು. ದೊಡ್ಡಪ್ಪ ತನ್ನ ಹಳೇ ಶರ್ಟನ್ನೇ ಅದಕ್ಕೆ ತೊಡಿಸಿದ್ದ.

“ಇನ್ನ ನೀನ್ಯಾಕಕ್ಕ ಬಿಸ್ಲಲ್ಲಿ ನಿಲ್ಬೇಕು? ಮನೇಲಿ ಆರಾಮಾಗಿ ಕುಂತ್ಕೊ” ಎಂದ.

“ಕುಂತೋಳ್ಗೆ ಎಷ್ಟ್ ದಿನಾ ಅಂತ ಕೂಳಿಕ್ಕೀರ್ಲಾ?” ಎಂದಳು ಅತ್ತೆ.

ದೊಡ್ಡಪ್ಪ ನಕ್ಕುಬಿಟ್ಟ. ಅತ್ತೆ ಅಡುಗೆಮನೆ ಸೇರಿದಳು. ಅಲ್ಲಿ ಆಗಲೇ ಬೇಕಾದಷ್ಟು ಹೆಂಗಸರಿದ್ದರು.

ಕೊಯ್ಲಿನ ದಿನ ದೊಡ್ಡಪ್ಪನನ್ನು ಹಿಡಿಯುವವರಿರಲಿಲ್ಲ. ತಮಾಷೆಗೆಂದು ಬೊಂಬೆಯನ್ನು ಕಣಕ್ಕೆ ಹೊತ್ತು ತಂದು, ಮೊದಲ ಹೊರೆಯನ್ನು ಅದರ ಮುಂದಿಟ್ಟ. “ಈ ಸಲ ಕಾದೋನು ಇವ್ನೇ, ಪಾಲೂ ಇವ್ನ್ದೇ ಕಣ್ರಪ್ಪ” ಎಂದ. ಆಳುಕಾಳುಗಳೆಲ್ಲ ನಕ್ಕರು. ನಾವು ಮಕ್ಕಳೂ ನಕ್ಕೆವು.

ಅತ್ತೆ ನಗಲಿಲ್ಲ. “ಇವ್ನು ಉಣ್ಣಾಕಿಲ್ಲ ಕಣ್ಲಾ. ನಾನು ಉಣ್ತೀನಿ” ಎಂದು, ಹೊರೆಯನ್ನು ಮುಟ್ಟದೆ ಮನೆಯ ಕಡೆ ನಡೆದಳು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಸಂಜೆ ಆ ಹೊರೆಯ ಭತ್ತವನ್ನು ಬಡಿದು ತೂರಿ, ತಾನೇ ಹೊತ್ತು ತಂದು ಅವಳ ಮುಂದೆ ಇಳಿಸಿದ. “ಎಲ್ಲಾರ್ ಬತ್ತದ್ ಜೊತ್ಗೇ ಆಕು” ಎಂದಳು ಅತ್ತೆ.

ಮುಂದಿನ ಬೆಳೆಗೆ ದೊಡ್ಡಪ್ಪ ಬೊಂಬೆಯನ್ನು ಒಡೆದು ಸೌದೆ ಮಾಡಿದ. ಅಟ್ಟಣೆಯನ್ನು ಹೊಸದಾಗಿ ಕಟ್ಟಿ ಅಕ್ಕನನ್ನು ಕರೆದ, ಬೇಡಿಕೊಂಡ. ಅವಳು ಹೋಗಲಿಲ್ಲ. ಈಗ ಇಬ್ಬರೂ ಇಲ್ಲ, ಆ ಮನೆಯೂ ಇಲ್ಲ. ನಮ್ಮ ಗದ್ದೆಯ ಮೇಲೆ ಔಷಧಿ ಹೊಡೆಯುವ ಡ್ರೋನ್ ಹಾರುತ್ತದೆ, ಅದನ್ನು ಹಾರಿಸುವ ಹುಡುಗ ನನ್ನ ಶಿಷ್ಯನೇ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ.

ಬೊಂಬೆ ಒಡೆದ ಆ ವರ್ಷ ದೊಡ್ಡಪ್ಪ ಬೇರೆ ಯಾರನ್ನೂ ಅಟ್ಟಣೆ ಹತ್ತಿಸಲಿಲ್ಲ. ಗಿಳಿ, ಗೀಜಗಗಳು ಹಿಂಡುಹಿಂಡಾಗಿ ಇಳಿದು ಹೊಟ್ಟೆ ತುಂಬ ತಿಂದವು. ಮನೆಯಲ್ಲಿ ಯಾರೂ ಆ ಹಕ್ಕಿಗಳನ್ನು ಬೈಯಲಿಲ್ಲ.