ಅತ್ತೆಯ ಕಾಲು ಹಿಡಿದದ್ದು

ಜೋಗ ನೋಡಿ ಬಂದೆ ಎಂದು ಎಲ್ಲರಿಗೂ ಹೇಳುತ್ತೇನೆ. ಸುಳ್ಳು. ನಾನು ಅಲ್ಲಿ ನೋಡಿದ್ದು ನಮ್ಮ ಅತ್ತೆಯ ಎರಡು ಹಿಮ್ಮಡಿ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಅಬಲೂರಿನಿಂದ ಹಾನಗಲ್ಲಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಅತ್ತೆಯ ಬಾಯಿಗೆ ಓಣಿಯೇ ಅಂಜುತ್ತಿತ್ತು. ನಾನು ಯಾವ ಗಿಡದ ತಪ್ಪಲು! ಸುಗ್ಗಿ ಮುಗಿದ ಮೇಲೆ ಮನೆಯವರೆಲ್ಲ ಬಾಡಿಗೆ ಮೋಟಾರು ಮಾಡಿಕೊಂಡು ಕೋಳಿ ಕೂಗುವ ಹೊತ್ತಿಗೆ ಹೊರಟು, ಶಿರಸಿ ದಾಟಿ, ಮಧ್ಯಾಹ್ನ ಜೋಗ ಮುಟ್ಟಿದೆವು. ಅಲ್ಲಿ ಬಂಡೆಯ ಮೇಲೆ ಬೋರಲು ಮಲಗಿ, ಅಂಚಿನಾಚೆ ತಲೆ ಚಾಚಿ ಕೆಳಗೆ ನೋಡಬೇಕು. ಗಂಡಸರು ನೋಡಿ ಚಹಾಕ್ಕೆ ಹೋದರು. ಅತ್ತೆ ಹಿಂದೆ ಬುತ್ತಿ ಬಿಚ್ಚುತ್ತಿದ್ದರು. ನಾನು ಮಲಗಿ ತೆವಳಿದೆ.

ತಲೆ ಚಾಚಿದ್ದೇ ತಡ, ಕೊರಳಿನ ಶಿವದಾರ ಬಂಡೆಗೆ ಉಜ್ಜಿ ಹರಿಯಿತು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಜಾರಿ, ಕೆಳಗೆ ಬಂಡೆಯ ಸಂದಿನ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಅದರ ಕೆಳಗೆ ಬರೀ ಪಾತಾಳ. ಕೈ ಚಾಚಿದೆ, ಎಟುಕಲಿಲ್ಲ. ಲಿಂಗ ಕಳಕೊಂಡವರು ಜೀವ ಇಟ್ಟುಕೊಳ್ಳಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಇಟ್ಟುಕೊಂಡರೂ ಅತ್ತೆ ಬಿಟ್ಟಾರೆಯೇ? ತವರಿಗೆ ಅಟ್ಟುವುದು ಖಂಡಿತ. ಸೆರಗನ್ನು ಎದೆಗೆ ಒತ್ತಿ ಹಿಡಿದು ಹಿಂದೆ ಬಂದೆ.

"ಬಾ, ರೊಟ್ಟಿ ತಿನ್ನು," ಎಂದರು ಅತ್ತೆ.

ಕೊರಳಲ್ಲಿ ಲಿಂಗವಿಲ್ಲದೆ ತುತ್ತು ಇಳಿಸುವುದು ಹೇಗೆ? ಒಲ್ಲೆ ಎಂದೆ.

"ಯಾಕ? ಇಷ್ಟ ಲಗೂ ವಾಕರಿಕಿ ಸುರು ಆತೇನ?" ಎಂದು ನಕ್ಕು ನನ್ನ ಮುಖ ನೋಡಿದರು. ಆಮೇಲೆ ಎದೆಗೊತ್ತಿದ ಕೈ ನೋಡಿದರು. ನಗು ನಿಂತಿತು. "ಲಿಂಗ ಎಲ್ಲೈತಿ?"

ಅಂಚಿನ ಕಡೆ ಬೆರಳು ತೋರಿಸಿದೆ. "ತಪ್ಪಾತ್ರಿ ಅತ್ತಿ, ಕಾಲಿಗೆ ಬೀಳ್ತೇನ್ರಿ..."

ಅವರು ಹೋಗಿ ಇಣುಕಿ ನೋಡಿದರು. "ಬೀಳೂದು ಮನ್ಯಾಗ ಬೀಳೀಯಂತ. ಈಗ ಕಾಲು ಹಿಡಿ."

ಕಾಲು ಹಿಡಿ ಎಂದರೆ ಕ್ಷಮೆ ಬೇಡು ಎಂದೇ ತಿಳಿದು, ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಅಯ್ಯ ಹುಚ್ಚಿ, ಹಂಗಲ್ಲ! ಗಟ್ಟ್ಯಾಗಿ ಹಿಡಿ!"

ಹೇಳುತ್ತಲೇ ಬೋರಲು ಬಿದ್ದು, ನಡು ದಾಟುವವರೆಗೆ ಅಂಚಿನಾಚೆ ಸರಿದರು. ಎರಡೂ ಹಿಮ್ಮಡಿ ಹಿಡಿದು ಕುಕ್ಕರಿಸಿದೆ. ನನ್ನ ಅಂಗೈ ಬೆವೆತು ಕಾಲು ಜಾರತೊಡಗಿತು. ಶಿವಶಿವಾ! ಕಾಲುಂಗುರ ಮುಂಗೈಗೆ ಚುಚ್ಚಿ ರಕ್ತ ಬಂತು, ಬಿಡಲಿಲ್ಲ. ನೀರಿನ ಅಬ್ಬರದ ನಡುವೆ "ಎಳಿ!" ಎಂದದ್ದು ಕೇಳಿತು. ಎಳೆದೆ.

ಅವರ ಮುಷ್ಟಿಯಲ್ಲಿ ಕರಡಿಗೆ ಇತ್ತು. ತಮ್ಮ ಸೀರೆಯ ದಡಿ ಹರಿದು ದಾರ ಮಾಡಿ ನನ್ನ ಕೊರಳಿಗೆ ಕಟ್ಟಿದರು. ಗಂಟು ಮೂರು ಸಲ ತಪ್ಪಿತು.

ಹಿಂದಿರುಗುವಾಗ ಮೋಟಾರಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಮೂರು ತಿಂಗಳು ನಿನಗ ಬೈದದ್ದೆಲ್ಲಾ ಅಲ್ಲಿ ನೆನಪಾತು ನೋಡವಾ," ಎಂದರು. "ಭಾಳ ಅಂಜಿದ್ನಿ."

ಮರುದಿನ ಹಾಲು ಉಕ್ಕಿಸಿದ್ದಕ್ಕೆ ಓಣಿಗೆಲ್ಲ ಕೇಳುವಂತೆ ಬೈದರು. ನನಗೆ ಅಂಜಿಕೆಯೇ ಆಗಲಿಲ್ಲ.