ಏಣಿಯಣ್ಣ ಎಳೆದ ಹಸಿರು ಗೆರೆ

ಗೋಡೆಗೆ ಬಣ್ಣ ಬಳಿಯುವ ಅವನನ್ನು ಎಲ್ಲರೂ ಏಣಿಯಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಏಣಿಯ ಮೇಲೆಯೇ ಕಳೆದವನು. ನೆಲದ ಮೇಲೆ ನಡೆದರೇ ಇವರಿಗೆ ತಲೆ ಸುತ್ತುವುದು ಎಂದು ಹೆಂಡತಿ ರೇಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಶಾಲೆಯ ದೊಡ್ಡ ಹಾಲಿನ ಮೂಲೆಯಲ್ಲಿ ಒಂದು ಗೋಡೆಗೆ ಒರಗಿಸಿದ್ದ ಅವನ ಹದಿನೈದು ಅಡಿಯ ಏಣಿಯ ಬುಡ ಜಾರಿತು. ಪಕ್ಕದ ಗೋಡೆಗೆ ಬಿಳಿ ಬಳಿದು ಮುಗಿದಿತ್ತು. ಅದಕ್ಕೆ ಒತ್ತಿಕೊಂಡೇ ಏಣಿ ನೆಲಕ್ಕಿಳಿಯಿತು. ಹಸಿರು ಕುಂಚವಿದ್ದ ಕೈಯಲ್ಲೇ ಅವನು ಏಣಿಯ ಗಳವನ್ನು ಬಿಗಿಹಿಡಿದಿದ್ದ. ಮೊಣಕೈ ತರಚಿತು, ಅಷ್ಟೇ. ಬಿಳಿ ಗೋಡೆಯ ಮೇಲೆ ಮಾತ್ರ ಮೇಲಿನಿಂದ ನೆಲದವರೆಗೆ ಹಸಿರು ಗೆರೆ.

ಓಡಿಬಂದ ಮೇಸ್ತ್ರಿ, ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಮುಖ ಗಂಟು ಹಾಕಿದ. ಹೆದರಿ ಏಣಿ ಬಿಟ್ಟು ಹಾರುವವನಿಗೆ ಎತ್ತರದ ಕೆಲಸ ಕೊಡುವವನಲ್ಲ ಅವನು.

"ಬೀಳೋ ಏಣಿಯ ಗೆರೆ ಒಳಕ್ಕೆ, ಮೂಲೆ ಕಡೆಗೆ ಬಗ್ಗಬೇಕಲ್ಲಪ್ಪಾ. ಇದು ಹೊರಕ್ಕೆ ಉಬ್ಬಿದೆ. ನೀನು ಹಾರಿದ್ದೀಯ. ನಾಳೆಯಿಂದ ಬಾಗಿಲು, ಕಿಟಕಿಗೆ ಬಣ್ಣ ಬಳಿ, ಸಾಕು."

ಬಿದ್ದದ್ದಕ್ಕಿಂತ ಆ ಮಾತೇ ಏಣಿಯಣ್ಣನಿಗೆ ಹೆಚ್ಚು ನೋಯಿತು.

ಬಾಗಿಲಲ್ಲಿ ನಿಂತು ಕೇಳಿದ ಗಣಿತದ ಮೇಡಂ ಒಳಗೆ ಬಂದು, ಏಣಿಯ ಮೇಲಿದ್ದ ಹಸಿರು ಕೈಗುರುತನ್ನು ಅಳೆದರು. ಬುಡದಿಂದ ಹತ್ತು ಅಡಿ, ತುದಿಯಿಂದ ಐದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಎರಡು ಸಾಲು ಬರೆದರು. ಕುಂಚ ಮೂಲೆಯಿಂದ ಎಷ್ಟು ದೂರ ಎನ್ನುವುದು ಏಣಿಯ ಓರೆಗೆ ತಕ್ಕಂತೆ. ಎಷ್ಟು ಎತ್ತರ ಎನ್ನುವುದೂ ಓರೆಗೆ ತಕ್ಕಂತೆ. ದೂರವನ್ನು ಐದರಿಂದ, ಎತ್ತರವನ್ನು ಹತ್ತರಿಂದ ಭಾಗಿಸಿ, ಎರಡರ ವರ್ಗವನ್ನೂ ಕೂಡಿದರೆ, ಏಣಿ ಎಷ್ಟೇ ಓರೆಯಾಗಿರಲಿ, ಮೊತ್ತ ಸರಿಯಾಗಿ ಒಂದು.

"ಓರೆ ಲೆಕ್ಕದಿಂದಲೇ ಹೊರಟುಹೋಯ್ತು ನೋಡಿ. ಉಳಿದಿದ್ದು ಬರೀ ದೂರ, ಎತ್ತರ. ಇದು ದೀರ್ಘವೃತ್ತ, ಅಂದ್ರೆ ಎಳೆದು ಉದ್ದ ಮಾಡಿದ ವೃತ್ತ. ಹೊರಕ್ಕೇ ಉಬ್ಬಬೇಕು. ಕೈ ಬಿಡದೇ ಇದ್ದಿದ್ರೆ ಎಂಟಡಿ ಎತ್ತರದಲ್ಲಿ ಮೂರಡಿ ದೂರ, ಆರರಲ್ಲಿ ನಾಲ್ಕು, ನೆಲದಲ್ಲಿ ಐದು. ಅಳೀರಿ."

ಮೇಸ್ತ್ರಿ ತಾನೇ ಟೇಪು ಹಿಡಿದ. ಮೂರು. ನಾಲ್ಕು. ಐದು. ಗೆರೆಯ ದಪ್ಪದಷ್ಟೂ ತಪ್ಪಿರಲಿಲ್ಲ. ಮತ್ತೆ ಮೇಲಿನಿಂದ ಅಳೆದ. ಅವೇ ಅಂಕಿಗಳು. ಟೇಪು ಸುತ್ತಿಟ್ಟ.

ಏಣಿಯಣ್ಣ ಗೆರೆಯ ಮುಂದೆ ಕೂತ. ಕಣ್ಣು ಮುಚ್ಚಿ, ಜೀವ ಬಾಯಿಗೆ ಬಂದು ಬಿದ್ದವನು ಅವನು. ಆ ನಡುಕ, ಆ ದಿಗಿಲು, ಒಂದೂ ಗೋಡೆಯ ಮೇಲಿರಲಿಲ್ಲ.

"ಅಂಗೈಯಗಲ ಸೊನ್ನೆ ಸುತ್ತೋಕೂ ನಂಗೆ ಬಟ್ಟಲು ಬೇಕು ಮೇಡಂ. ಇದನ್ನ ನಾನೇ ಬರೆದ್ನಾ?"

"ನೀವು ಏಣಿ ಬಿಡ್ಲಿಲ್ಲ. ಬರೆದಿದ್ದು ಅದು."

ಸಂಜೆಯೊಳಗೆ ಗೆರೆ ಮುಚ್ಚಬೇಕಿತ್ತು. ಏಣಿಯಣ್ಣ ಬಿಳಿ ಬಣ್ಣದ ಡಬ್ಬಿ ಹಿಡಿದು ಮತ್ತೆ ಮೇಲೆ ಹತ್ತಿದ. ಬುಡಕ್ಕೆ ಎರಡೂ ಪಾದ ಒತ್ತಿ ನಿಂತವನು ಮೇಸ್ತ್ರಿ. ಒಂದು ಸಲ ಬಳಿದದ್ದಕ್ಕೆ ಹಸಿರು ಮುಚ್ಚಲಿಲ್ಲ, ಎರಡನೇ ಸಲಕ್ಕೂ ಇಲ್ಲ. ಅವಸರ ಮಾಡೆಂದು ಕೆಳಗಿನಿಂದ ಯಾರೂ ಹೇಳಲಿಲ್ಲ.