ಎರಡನೆಯ ಸಲದ ಚಿಗಳಿ

ನಾನು ‘ದೊಡ್ಡವಳಾದೆ’ ಎಂದು ಮನೆಯವರು ತೀರ್ಮಾನಿಸಿದಾಗ ನನಗೆ ಹದಿಮೂರು. ಚೆನ್ನೈಯ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಇಂಥ ಸುದ್ದಿ ಗುಟ್ಟಾಗಿ ಉಳಿಯುವುದುಂಟೆ? ಎದುರುಮನೆಯ ತಮಿಳು ಆಂಟಿ ಹಾಲಿನ ಪ್ಯಾಕೆಟ್ ತರುತ್ತಲೇ ‘ಫಂಕ್ಷನ್ ಎಪ್ಪೋ?’ ಎಂದು, ಯಾವತ್ತು ಅಂತ, ಕೇಳಿದರು. ತಮ್ಮ ಮಗಳಿಗೆ ಅವರು ಬೀದಿ ತುದಿಯಲ್ಲಿ ಫೋಟೊ ಸಮೇತ ಬ್ಯಾನರ್ ಕಟ್ಟಿಸಿ, ಊರಿಗೆಲ್ಲ ಡಂಗುರ ಸಾರಿ ಅರಿಸಿನದ ನೀರು ಎರೆದಿದ್ದರು. ನಮ್ಮದು ಮೈಸೂರು ಕಡೆಯ ಪದ್ಧತಿ, ಅಷ್ಟು ಗಲಾಟೆಯಿಲ್ಲ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಕರಿಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಉಂಡೆ ತಿನ್ನಿಸಿ, ಹೆಂಗಸರು ಹಾಡು ಹೇಳುತ್ತ ಆರತಿ ಎತ್ತುತ್ತಾರೆ. ಅಮ್ಮ ಆಗಲೇ ಹಸಿರು ಜರಿ ಲಂಗ ತಂದಿಟ್ಟಿದ್ದಳು.

ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.

ಆ ಮಣೆಯ ಮೇಲೆ ಒಮ್ಮೆ ಕೂತರೆ ಮುಗಿಯಿತು, ಎಲ್ಲರೂ ಸೇರಿ ನನ್ನನ್ನು ಹುಡುಗಿ ಎಂದು ತೀರ್ಮಾನಿಸಿಬಿಡುತ್ತಾರೆ, ಆಮೇಲೆ ನನ್ನ ಮಾತು ಯಾರೂ ಕೇಳುವುದಿಲ್ಲ ಎಂದು ಹೆದರಿದ್ದೆ. ನಾನು ಹುಡುಗಿಯಲ್ಲ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಹೇಳುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

‘ಬಾಗಿಲು ತೆಗಿಯೇ! ಸಾಯಂಕಾಲ ಎಲ್ಲಾರೂ ಬರ್ತಾರೆ,’ ಎಂದು ಅಮ್ಮ ಬಡಿದಳು.

‘ಮಾಟ್ಟೇನ್!’ ಎಂದು ಕಿರುಚಿದೆ. ಕೋಪ ಬಂದರೆ ನನಗೆ ಈಗಲೂ ತಮಿಳೇ ಬರುವುದು. ‘ನಾನು ಕೂರಲ್ಲ. ನಾನು ಹುಡುಗಿ ಅಲ್ಲ.’

ಹೊರಗಿನಿಂದ ಅಜ್ಜಿಯ, ಎಂದರೆ ಅಪ್ಪನ ಅಮ್ಮನ, ದನಿ ಕೇಳಿಸಿತು.

‘ಆ ಮಗು ಪ್ರಾಣ ಯಾಕಮ್ಮ ತಿಂತೀಯ? ಆರತಿ ಎತ್ತೋದು ಮಗು ನಗ್ತಾ ಇರ್ಲಿ ಅಂತ. ಅಳೋ ಮಗೂಗೆ ಎಂಥ ಆರತಿ?’

‘ಜನ ಏನಂತಾರೆ ಅತ್ತೆ?’

‘ಅಂದ್ಕೊಳ್ಳಲಿ ಬಿಡು. ಎರಡು ದಿನ ಅಂತಾರೆ, ಆಮೇಲೆ ಸೀರಿಯಲ್ ನೋಡ್ತಾರೆ.’

ಅಜ್ಜಿಗೆ ಅಂದೇ ಎಲ್ಲ ಅರ್ಥವಾಗಿತ್ತು ಎಂದು ನಾನು ಬಡಾಯಿ ಕೊಚ್ಚುವುದಿಲ್ಲ. ನನಗೆ ನಾಚಿಕೆ ಎಂದೇ ಅವಳು ತಿಳಿದಿದ್ದಳು. ಬಾಗಿಲು ತೆಗೆದಾಗ ಕೈಗೆ ಒಂದು ಉಂಡೆ ಕೊಟ್ಟಳು. ಇದು ಹುಡುಗಿಯರಿಗೆ ಕೊಡುವುದಲ್ಲವೇ ಎಂದು ನಾನು ಮುಖ ತಿರುಗಿಸಿದೆ. ‘ಎಳ್ಳಿಗೇನು ಗೊತ್ತು ಹುಡುಗ ಹುಡುಗಿ ಅಂತ? ಸೊಂಟಕ್ಕೆ ಬಲ, ತಿನ್ನು,’ ಎಂದಳು. ತಿಂದೆ. ಮಣೆ ಅಟ್ಟ ಸೇರಿತು.

ಶಾಲೆಯಲ್ಲಿ ದೇಹದ ಪಾಠ ಬಂದಾಗ ಮೇಡಂ ‘ಮನೇಲಿ ಓದ್ಕೊಳ್ಳಿ’ ಎಂದು ಮುಂದಿನ ಪಾಠಕ್ಕೆ ಹಾರಿದರು. ಮನೆಯಲ್ಲಿ ಅಮ್ಮನದೇ ಬೇರೆ ಲೆಕ್ಕಾಚಾರ. ಹತ್ತನೇ ಕ್ಲಾಸಿನಲ್ಲಿ ಒಂದು ದಿನ ಬೀನ್ಸ್ ಹೆಚ್ಚುತ್ತ, ತಲೆ ಎತ್ತದೆ, ‘ನಿಂಗೆ ಯಾವುದಾದ್ರೂ ಹುಡುಗಿ ಇಷ್ಟಾನಾ? ಅದಕ್ಕೇನಾ ಹೀಗೆ?’ ಎಂದಳು. ಪಾಪ, ಎಷ್ಟು ದಿನ ಮನಸ್ಸಿನಲ್ಲೇ ಹೇಳಿನೋಡಿದ್ದಳೋ. ಯಾರು ಇಷ್ಟ ಎಂದು ನಾನಿನ್ನೂ ಯೋಚಿಸಿಯೇ ಇರಲಿಲ್ಲ. ನನ್ನ ತಕರಾರು ಕನ್ನಡಿಯಲ್ಲಿ ಕಾಣುವ ಮುಖದ್ದು. ಅದನ್ನು ಹಾಗೆಯೇ ಹೇಳಿದೆ. ಅಮ್ಮ ಚಾಕು ಕೆಳಗಿಟ್ಟು ಅತ್ತಳು, ಆಮೇಲೆ ಯಾರನ್ನೋ ವಿಚಾರಿಸಿ ಗಿಂಡಿ ಬಡಾವಣೆಯ ಒಬ್ಬ ಡಾಕ್ಟರಮ್ಮನ ಬಳಿ ಕರೆದೊಯ್ದಳು.

ಅವರು ನನ್ನನ್ನು ಕೇಳಿದ್ದು ಒಂದೇ: ದೊಡ್ಡವರಾದ ಮೇಲಿನ ನಿಮ್ಮನ್ನು ನೆನೆಸಿಕೊಂಡರೆ ಯಾರು ಕಾಣುತ್ತಾರೆ?

ನಾನು ತಡವರಿಸಲಿಲ್ಲ. ಸಣ್ಣ ಮೀಸೆ, ಭುಜಕ್ಕೆ ಊಟದ ಚೀಲ, ಲೋಕಲ್ ಟ್ರೈನಿನಲ್ಲಿ ಕಂಬಿ ಹಿಡಿದು ನಿಂತು ಆಫೀಸಿಗೆ ಹೋಗುವ ಒಬ್ಬ ಗಂಡಸು. ‘ಇಷ್ಟೇನಾ?’ ಎಂದು ಅವರು ನಕ್ಕರು. ಇಷ್ಟೇ. ಹಾಗೆ ಅನ್ನಿಸುವುದು ರೋಗವಲ್ಲ, ಅವಸರವೂ ಇಲ್ಲ, ಯಾರು ಇಷ್ಟ ಎಂಬುದು ಬೇರೆಯೇ ವಿಷಯ, ಅದು ತಾನಾಗಿ ತಿಳಿಯುತ್ತದೆ ಎಂದು ಅಮ್ಮನಿಗೂ ನನಗೂ ಬಿಡಿಸಿ ಹೇಳಿದರು. ಮರಳುವಾಗ ಟ್ರೈನಿನಲ್ಲಿ ಅಮ್ಮ ನನ್ನ ಎದುರು ಕೂತು, ನಿಂತಿದ್ದ ಗಂಡಸರ ಮೀಸೆಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ.

ಕೆಲಸ ಸಿಕ್ಕ ಮೇಲೆ ಹಾರ್ಮೋನ್ ಚಿಕಿತ್ಸೆ ಶುರುಮಾಡಿದೆ. ಒಂದು ಭಾನುವಾರ ‘ಅಜ್ಜೀ, ಕಾಫಿ’ ಎಂದು ಕರೆದವನ ದನಿ ನಡುವೆ ಒಡೆದು, ಅರ್ಧ ಮೇಲೆ, ಅರ್ಧ ಕೆಳಗೆ ಹೋಯಿತು. ಕಣ್ಣು ಮಂಜಾಗಿದ್ದ ಅಜ್ಜಿ ‘ಯಾರಪ್ಪ ಅದು?’ ಎಂದಳು. ನಾನೇ ಎಂದೆ. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಎದ್ದು ಒಳಗೆ ಹೋದಳು. ಅಡುಗೆಮನೆಯಿಂದ ಎಳ್ಳು ಹುರಿಯುವ ವಾಸನೆ ಬಂತು.

‘ಅತ್ತೆ, ಗಂಡುಹುಡುಗ್ರಿಗೆ ಯಾರಾದ್ರೂ ಚಿಗಳಿ ಮಾಡ್ತಾರಾ? ದನಿ ಒಡೆದಿದ್ದಕ್ಕೆ?’ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

‘ಮಾಡ್ದೆ ಇದ್ರೆ ಅದು ಅವ್ರ ತಪ್ಪು. ನೀನು ಅಟ್ಟದಿಂದ ಮಣೆ ಇಳಿಸು.’

ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಹೋಗಿ ಆ ಮಣೆಯ ಮೇಲೆ ಕೂತೆ. ಅಜ್ಜಿ ತಡಕಾಡಿ ನನ್ನ ಬಾಯಿಗೆ ಉಂಡೆ ಇಟ್ಟಳು. ಬೆರಳಿಗೆ ನನ್ನ ಚಿಗುರುಮೀಸೆ ತಗುಲಿತು. ಅದನ್ನೊಮ್ಮೆ ಸವರಿ, ‘ಈಗ ಎತ್ತು ಆರತಿ,’ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ದೀಪ ಹಚ್ಚಿ ಹಾಡು ಶುರುಮಾಡಿದಳು. ಎರಡನೇ ಸಾಲಿನಲ್ಲಿ ಹಾಡು ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದಿನ ಸಾಲು ನನಗೆ ಗೊತ್ತಿತ್ತು, ಬಾಯಿತುಂಬ ಎಳ್ಳಿಟ್ಟುಕೊಂಡು ಒಡಕು ದನಿಯಲ್ಲಿ ನಾನೇ ಹೇಳಿದೆ.